ಬೆರಕೆ ಲೆಕ್ಕದಿಂದ ಮಲೇರಿಯಾ ತೊಲಗದು

ಅಫಜಲಪುರ ತಾಲೂಕಿನ ಚೌಡಾಪುರದ ಕೊಟ್ಟಿಗೆಯೊಂದರಲ್ಲಿ ನೂರು ಸೊಳ್ಳೆ ಹಿಡಿದು, ರೆಕ್ಕೆಯ ಚುಕ್ಕೆ ನೋಡಿ, ಒಂದೇ ಹೆಸರು ಬರೆದು ಕಲಬುರಗಿಗೆ ಕಳಿಸಿದರೆ ಸರ್ವೆ ಮುಗಿಯಿತೆ?

ಗಂಜಿನ ವ್ಯಾಪಾರಿಯನ್ನು ಕೇಳಿರಿ. ತೊಗರಿಬೇಳೆಯಲ್ಲಿ ಕೇಸರಿಬೇಳೆ ಬೆರೆತ ಚೀಲವನ್ನು ಒಂದೇ ಹೆಸರಿನಲ್ಲಿ ತೂಗಿದರೆ ಅದನ್ನು ಮೋಸವೆನ್ನುತ್ತಾನೆ. ದಾಲ್ ಮಿಲ್ಲಿನ ಕೂಲಿಯವನಿಗೂ ಗೊತ್ತಿರುವ ಈ ನ್ಯಾಯ ಸೊಳ್ಳೆಯ ಲೆಕ್ಕಕ್ಕೆ ಏಕೆ ಅನ್ವಯಿಸಬಾರದು?

ಹಳ್ಳಿಗಾಡಿನಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆ ಅನಾಫಿಲೀಸ್ ಕ್ಯುಲಿಸಿಫೇಸೀಸ್. ಹೆಸರು ಒಂದು, ಒಳಗೆ ಐದು ಪ್ರಭೇದ: ಎ, ಬಿ, ಸಿ, ಡಿ, ಇ. ಕಣ್ಣಿಗೆ ಎಲ್ಲವೂ ಒಂದೇ. ೧೯೮೦ರಲ್ಲಿ ಗ್ರೀನ್ ಹಾಗೂ ಮೈಲ್ಸ್ ಎಂಬ ವಿಜ್ಞಾನಿಗಳು ವರ್ಣತಂತುಗಳ ಪಟ್ಟೆಗಳನ್ನು ಓದಿ ಎ ಮತ್ತು ಬಿ ಬೇರೆಯೆಂದು ತೋರಿಸಿದರು. ಎ ರೋಗವಾಹಕ, ಬಿ ದನಗಳ ರಕ್ತಕ್ಕೆ ಮುಗಿಬೀಳುವಂಥದು, ಅದರಿಂದ ರೋಗ ಹರಡುವದು ತೀರ ಕಡಿಮೆ.

ಔಷಧ ಹೊಡೆದರೆ ಎಲ್ಲವೂ ಸಾಯುತ್ತವಲ್ಲ, ಭೇದವೇತಕ್ಕೆ ಎನ್ನುವವರುಂಟು. ಸಾಯುವದಿಲ್ಲ! ಡಿ.ಡಿ.ಟಿ.ಗೆ ಬಿ ಬೇಗ ಒಗ್ಗಿಕೊಂಡಿತು, ಎ ಅಷ್ಟು ಬೇಗ ಒಗ್ಗಲಿಲ್ಲವೆಂದು ನಮ್ಮ ದೇಶದ ವಿಜ್ಞಾನಿಗಳೇ ೧೯೮೦ರ ದಶಕದಲ್ಲಿ ಕಂಡುಕೊಂಡರು. ಎರಡನ್ನೂ ಕೂಡಿಸಿ ಎಣಿಸಿದರೆ, ಬದುಕುಳಿದ ಬಿ ಸೊಳ್ಳೆಗಳನ್ನು ಕಂಡು ಕೆಲಸಕ್ಕೆ ಬರುವ ಔಷಧವನ್ನೂ ನಿಷ್ಫಲವೆನ್ನುವರು. ಇಲ್ಲವೆ ಬಿ ತುಂಬಿದ ಊರಿಗೆ ಔಷಧ ಸುರಿದು, ಎ ಇರುವ ಊರನ್ನು ಮರೆಯುವರು. ಹೋಗುವ ಹಣ ಜನರದು. ಚಳಿಜ್ವರದಲ್ಲಿ ಮುಳುಗುವ ವಾರದ ಕೂಲಿ ಕಾರ್ಮಿಕನದು. ಮುಚ್ಚುವ ಅಂಗಡಿ ಚಿಕ್ಕ ವ್ಯಾಪಾರಿಯದು.

ಈ ವಿದ್ಯೆ ನಮ್ಮ ನಾಡಿಗೆ ಹೊಸದೇನಲ್ಲ. ಸ್ವೀಟ್ ಹಾಗೂ ರಾವ್ ಎಂಬವರು ೧೯೩೭ರಲ್ಲೇ ಸ್ಟೀಫನ್ಸಿ ಎಂಬ ಇನ್ನೊಂದು ಸೊಳ್ಳೆಯ ತತ್ತಿಯ ಅಳತೆ, ಬದಿಯ ಗೀರು ನೋಡಿ ಬಗೆಗಳನ್ನು ಬೇರ್ಪಡಿಸಿದರು; ಒಂದಕ್ಕೆ ಮೈಸೂರೆನ್ಸಿಸ್ ಎಂಬ ಹೆಸರೇ ನಿಂತಿತು. ಸೂಕ್ಷ್ಮದರ್ಶಕದಿಂದ ಅಂದು ಆದ ಕೆಲಸ, ಡಿ.ಎನ್.ಎ. ಪರೀಕ್ಷೆಯ ಈ ಕಾಲದಲ್ಲಿ ಆಗದೆ?

೨೦೩೦ಕ್ಕೆ ದೇಶ ಮಲೇರಿಯಾಮುಕ್ತವೆಂದು ಸರಕಾರ ೨೦೧೬ರಲ್ಲಿ ಗುರಿ ಹಾಕಿತು. ಗುರಿ ಒಳ್ಳೆಯದು, ಘೋಷಣೆಯಿಂದ ಸೊಳ್ಳೆ ಸಾಯದು. ನಮ್ಮ ಬೇಡಿಕೆ ಸ್ಪಷ್ಟ: ಸರ್ವೆಯಲ್ಲಿ ಎ ಎಷ್ಟು, ಬಿ ಎಷ್ಟು, ಮನೆಯಲ್ಲಿ ಎಷ್ಟು, ಕೊಟ್ಟಿಗೆಯಲ್ಲಿ ಎಷ್ಟು ಎಂದು ಬೇರೆಬೇರೆ ಬರೆಯಬೇಕು. ಪ್ರತಿ ಜಿಲ್ಲೆಗೆ ಇದಕ್ಕೆ ತಕ್ಕ ಪ್ರಯೋಗಾಲಯ, ಸೊಳ್ಳೆ ಹಿಡಿಯುವವರಿಗೆ ಖಾಯಂ ನೌಕರಿ ಬೇಕು. ಆ ಲೆಕ್ಕವನ್ನು ಚೌಡಾಪುರದಂಥ ಪ್ರತಿ ಊರಿನ ಪಂಚಾಯಿತಿ ಗೋಡೆಗೆ ಹಚ್ಚಬೇಕು.

ಬಂಧುಗಳೇ, ತಕ್ಕಡಿಯ ಮೋಸವನ್ನು ನಾವು ಸಹಿಸುವದಿಲ್ಲ. ಜ್ವರದ ಲೆಕ್ಕದಲ್ಲಿನ ಬೆರಕೆಯನ್ನೇಕೆ ಸಹಿಸಬೇಕು?