ಜವಾರಿ ಬಾರಿಗಿಡ ಕಡಿಬ್ಯಾಡ್ರಿ



ನಮ್ಮ ಅಸೂಟಿಯ ಎರಿಹೊಲಗಳ ಬದುವಿನಲ್ಲಿ ಜವಾರಿ ಬಾರಿಗಿಡಗಳು ಕಡಿಮೆ ಆಗುತ್ತಿವೆ. ಟ್ರ್ಯಾಕ್ಟರ್ ತಿರುಗಿಸಾಕ ಅಡ್ಡ ಆಗತೈತಿ, ನೆರಳಿಗೆ ಬೆಳಿ ಬರೂದಿಲ್ಲ ಅಂತ ದೊಡ್ಡವರು ಕಡಿಯುತ್ತಾರೆ. "ಹಣ್ಣು ಬೇಕಂದ್ರ ರೋಣದ ಪ್ಯಾಟ್ಯಾಗ ಆ್ಯಪಲ್ ಬಾರಿ ಸಿಗತಾವಲ್ಲ" ಅನ್ನುತ್ತಾರೆ. ಈ ಮಾತು ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಮೊದಲನೆಯದಾಗಿ, ಆ್ಯಪಲ್ ಬಾರಿಯನ್ನು ಬೀಜ ಹಾಕಿ ಬೆಳೆಸುವುದಿಲ್ಲ. ಜವಾರಿ ಬಾರಿಯ ಸಸಿಗೆ ಅದರ ಕಣ್ಣು ಕೂಡಿಸಿ ಕಸಿ ಮಾಡುತ್ತಾರೆ. ಮೇಲೆ ದೊಡ್ಡ ಹಣ್ಣು, ಕೆಳಗೆ ಜವಾರಿ ಬೇರು. ಜವಾರಿ ಗಿಡಾನ ಹೋದ್ರ ಬೇರು ಎಲ್ಲಿಂದ ತರೋದು?

ಎರಡನೆಯದಾಗಿ, ಜವಾರಿ ಬಾರಿ ಎಲ್ಲಾ ಒಂದೇ ಅಲ್ಲ. ಒಂದು ಗಿಡದ ಹಣ್ಣು ಸಿಹಿ, ಇನ್ನೊಂದರದು ಹುಳಿ, ಮತ್ತೊಂದರದು ಒಗರು. ಬೀಜ ಬಿತ್ತಿದರೆ ತಾಯಿಗಿಡದ ರುಚಿಯೇ ಬರುತ್ತದೆ ಎಂಬ ಖಾತ್ರಿ ಇಲ್ಲ. ಅಂದರೆ ಒಂದು ಗಿಡ ಕಡಿದರೆ ಒಂದು ರುಚಿ ಕಾಯಂ ಹೋಯಿತು.

ಮೂರನೆಯದಾಗಿ, ಇದು ಬರಗಾಲದ ಗಿಡ. ಬೇರು ಆಳಕ್ಕೆ ಇಳಿಯುತ್ತದೆ. ಬ್ಯಾಸಿಗ್ಯಾಗ ಎಲಿ ಉದುರಿಸಿ ಸುಮ್ಮನ ನಿಂತು, ಮಳಿ ಬಿದ್ದಮ್ಯಾಲ ಚಿಗುರತೈತಿ. ಸಂಕ್ರಮಣಕ್ಕೆ ಸಣ್ಣ ಹುಡುಗರ ತಲಿಮ್ಯಾಲ ಎರಿಯೋ ಬಾರಿಹಣ್ಣು ಇದರದೇ. ರೊಕ್ಕ ಇಲ್ಲದ ಹುಡುಗರೂ ಆರಿಸಿಕೊಂಡು ತಿನ್ನುವ ಹಣ್ಣು ಇದು.

ಹಳೆಯ ತಳಿ ಉಳಿಸುವುದು ಬರೀ ನಮ್ಮ ಚಿಂತೆಯಲ್ಲ. ಇಂಗ್ಲೆಂಡಿನಲ್ಲಿ ಹಳೆಯ ಸೇಬಿನ ತಳಿಗಳು ತೋಟಗಳ ಜೊತೆಗೇ ಕಾಣೆಯಾಗುತ್ತಿದ್ದವು. 1990ರ ಅಕ್ಟೋಬರ್ 21ರಂದು ಲಂಡನ್ನಿನಲ್ಲಿ ಮೊದಲ 'ಸೇಬಿನ ದಿನ' ಆಚರಿಸಿದರು. ಹಲವು ಊರುಗಳ ಜನ ಕೂಡಿ ಊರತೋಟ ಮಾಡಿದರು. ನಮ್ಮ ರಾಜ್ಯದಲ್ಲಿಯೇ ಅಂಕೋಲಾದ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಊರಿನ ಹೆಸರು ಹಣ್ಣಿನಿಂದಲೂ ದೊಡ್ಡದಾಗುತ್ತದೆ.

ಆದ್ದರಿಂದ ನಮ್ಮ ಶಾಲೆಯ ಬಯಲಿನ ಒಂದು ಅಂಚಿನಲ್ಲಿ ಊರತೋಟ ಆಗಬೇಕು. ಯಾರ ಹೊಲದಲ್ಲಿ ರುಚಿಯಾದ ಬಾರಿ ಇದೆ ಎಂದು ನಾವೇ ಓಣಿ ಓಣಿ ಕೇಳಿ ಬರೆದುಕೊಳ್ಳೋಣ. ಮಳೆಗಾಲದಲ್ಲಿ ಅವುಗಳ ಕಣ್ಣು ತಂದು ಕಸಿ ಕಟ್ಟೋಣ. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ಕಸಿ ಕಲಿಸುವವರನ್ನು ಕಳಿಸಿರಿ ಎಂದು ಗುರುಗಳು ಅಲ್ಲಿಗೆ ಒಂದು ಪತ್ರ ಬರೆಯಬೇಕು. ಬಾರಿಯ ಜೊತೆ ನೇರಳೆ, ಬೆಳವಲ, ಸೀತಾಫಲವೂ ಇರಲಿ.

"ನೀರು ಯಾರು ಹಾಕತಾರ, ಆಡು ತಿಂದ್ರ ಏನ್ ಮಾಡ್ತಿ?" ಎಂದು ಕೆಲವರು ಕೇಳಬಹುದು. ಸಸಿ ಬೇರು ಬಿಡುವ ತನಕ ಒಂದೊಂದು ತರಗತಿ ಒಂದೊಂದು ಗಿಡಕ್ಕೆ ನೀರು ಹಾಕಬೇಕು. ಬಿಸಿಯೂಟದ ತಟ್ಟೆ ತೊಳೆದ ನೀರೇ ಸಾಕು. ಆಡಿಗೆ ಮುಳ್ಳಿನ ಬೇಲಿ ಹಚ್ಚಿದರಾಯಿತು. ಬೇಲಿಗೆ ಬಾರಿಯ ಮುಳ್ಳೇ ಐತಲ್ಲ!

ಹೊಲದ ಹಿರಿಯರಲ್ಲಿ ಒಂದೇ ವಿನಂತಿ. ಗಿಡ ಕಡಿಯಲೇಬೇಕಾದರೆ ಒಂದು ಮಳಿಗಾಲ ತಡೀರಿ. ಕಣ್ಣು ತಗೊಳ್ಳಾಕ ನಾವು ಬರ್ತೀವಿ.

– ಏಳನೇ ತರಗತಿ ವಿದ್ಯಾರ್ಥಿನಿ