ಭಯವೂ ಕೋಪವೂ ಪಾಪವೇ?

ಹಾನುಬಾಳಿನಿಂದ ಆಲೂರಿನವರೆಗಿನ ನಮ್ಮ ಬೆಟ್ಟಸೀಮೆಯಲ್ಲಿ ಇಂದು ಯಾರ ಮನೆಯ ಜಗಲಿಯಲ್ಲಿ ಕುಳಿತರೂ ಮಾತು ಕಾಡಾನೆಯತ್ತ ಹೊರಳುತ್ತದೆ. ಕಾಫಿ ತೋಟಕ್ಕೆ ಹೊರಡುವ ಕಾರ್ಮಿಕರು ಆನೆ ಎಲ್ಲಿದೆಯೆಂದು ವಿಚಾರಿಸಿಕೊಂಡೇ ಹೆಜ್ಜೆಯಿಡುತ್ತಾರೆ. ಶಾಲೆಗೆ ಹೋದ ಮಗು ಬರುವುದು ತುಸು ತಡವಾದರೆ ತಾಯಿಯ ಜೀವ ಬಾಯಿಗೆ ಬರುತ್ತದೆ. ಬೆಳೆನಷ್ಟ, ಪರಿಹಾರಗಳ ಚರ್ಚೆ ಸಾಕಷ್ಟು ನಡೆದಿದೆ. ಆದರೆ ಈ ಭಯ, ಅದರ ಬೆನ್ನಿಗೇ ಬರುವ ಕೋಪ ನಮ್ಮ ಕುಟುಂಬಗಳಲ್ಲಿ ಏನು ಮಾಡುತ್ತಿವೆಯೆಂಬುದನ್ನು ನಾವು ಅಷ್ಟಾಗಿ ಯೋಚಿಸಿಲ್ಲ.

ಸಮಸ್ಯೆ ಹೊಸದಲ್ಲ. ಹೈಕೋರ್ಟಿನ ಆದೇಶದಂತೆ ರಚಿತವಾದ ಕಾರ್ಯಪಡೆ 2012ರಲ್ಲಿ ವರದಿ ನೀಡಿತು. 2014ರಲ್ಲಿ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಕೆಲವೇ ವರ್ಷಗಳಲ್ಲಿ ಬೇರೆ ಆನೆಗಳು ಕಾಣಿಸಿಕೊಂಡವು. 2022ರಲ್ಲಿ ಸರ್ಕಾರವು ಹಾಸನ ಜಿಲ್ಲೆಗೆ ಪ್ರತ್ಯೇಕ ಆನೆ ಕಾರ್ಯಪಡೆಯನ್ನು ನೇಮಿಸಿತು. ಇಂತಹ ಕ್ರಮಗಳು ಬೇಕೇ ಬೇಕು. ಆದರೆ ಭಯವು ನಾಳೆಯೇ ನಮ್ಮನ್ನು ಬಿಟ್ಟುಹೋಗದು. ಅದರೊಡನೆ ಬಾಳುವುದನ್ನು ಕಲಿಯಬೇಕಾಗಿದೆ.

ಭಯಪಟ್ಟರೆ ವಿಶ್ವಾಸ ಸಾಲದು, ಕೋಪಗೊಂಡರೆ ಪಾಪ, ಅತ್ತರೆ ದುರ್ಬಲತೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಧರ್ಮಸಭೆಯ ಬೋಧನೆ ಹಾಗಿಲ್ಲ. ಭಾವನೆಗಳು ತಮ್ಮಷ್ಟಕ್ಕೆ ಒಳ್ಳೆಯವೂ ಅಲ್ಲ, ಕೆಟ್ಟವೂ ಅಲ್ಲ. ವಿವೇಕವೂ ಸಂಕಲ್ಪವೂ ಅವುಗಳನ್ನು ಎತ್ತ ನಡೆಸುತ್ತವೆ ಎಂಬುದರಿಂದಲೇ ಅವು ಪುಣ್ಯಕ್ಕೋ ಪಾಪಕ್ಕೋ ದಾರಿಯಾಗುತ್ತವೆ. ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಇದನ್ನು ವಿಸ್ತಾರವಾಗಿ ವಿವೇಚಿಸಿದರು. ಪ್ರಭು ಯೇಸು ಲಾಜರನ ಸಮಾಧಿಯ ಬಳಿ ಕಣ್ಣೀರಿಟ್ಟರು, ದೇವಾಲಯದಲ್ಲಿ ವ್ಯಾಪಾರಿಗಳ ಮೇಲೆ ಕೋಪಗೊಂಡರು, ಗೆತ್ಸೆಮನೆಯಲ್ಲಿ ತಲ್ಲಣಿಸಿದರು. ಅವರು ಅನುಭವಿಸಿದ ಭಾವನೆಗಳಿಗಾಗಿ ನಾವೇಕೆ ನಾಚಬೇಕು?

ಅಪಾಯವಿರುವುದು ಕೋಪವು ದಾರಿ ತಪ್ಪುವಲ್ಲಿ. ಆನೆಯ ಮೇಲಿನ ಕೋಪ ಆನೆಯನ್ನು ಮುಟ್ಟುವುದಿಲ್ಲ. ಅದು ರಾತ್ರಿಯಿಡೀ ನಿದ್ದೆಗೆಟ್ಟ ಅರಣ್ಯ ಸಿಬ್ಬಂದಿಯ ಮೇಲೆ ಬೀಳುತ್ತದೆ. ಸಂಜೆ ಮನೆಗೆ ಬಂದು ಹೆಂಡತಿ ಮಕ್ಕಳ ಮೇಲೆ ಬೀಳುತ್ತದೆ. ಕೆಲವೊಮ್ಮೆ ಹೆಂಡದ ಬಾಟಲಿಯಲ್ಲಿ ಅಡಗುತ್ತದೆ. ಅದೇ ಕೋಪ ವಿವೇಕದ ಕೈಗೆ ಸಿಕ್ಕರೆ ಗ್ರಾಮಸಭೆಯಲ್ಲಿ ಎದ್ದುನಿಂತು ನ್ಯಾಯ ಕೇಳುತ್ತದೆ, ತೋಟದ ಕೂಲಿಯವನಿಗೂ ಸುರಕ್ಷಿತ ದಾರಿ ಬೇಕೆಂದು ಅರ್ಜಿ ಬರೆಯುತ್ತದೆ.

ನಮ್ಮ ಜನರ ಹೃದಯದಲ್ಲಿ ದ್ವೇಷವಷ್ಟೇ ಇಲ್ಲವೆಂಬುದಕ್ಕೆ ಒಂದು ಘಟನೆ ಸಾಕ್ಷಿ. ಎಂಟು ಬಾರಿ ಮೈಸೂರು ದಸರಾದ ಚಿನ್ನದ ಅಂಬಾರಿ ಹೊತ್ತ ಅರ್ಜುನ, 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆಯೊಂದನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ ಅದರೊಡನೆ ಕಾದಾಡಿ ಸತ್ತಿತು. ಆನೆಯ ಹೆಸರೆತ್ತಿದರೆ ಸಿಡಿಮಿಡಿಗೊಳ್ಳುತ್ತಿದ್ದವರೂ ಆ ದಿನ ಆನೆಗಾಗಿ ಅತ್ತರು. ಒಂದೇ ಹೃದಯದಲ್ಲಿ ಕೋಪಕ್ಕೂ ಕರುಣೆಗೂ ಜಾಗವಿದೆ.

ದುಃಖಕ್ಕೆ ಮದ್ದು ಯಾವುದೆಂದು ಸಂತ ತೋಮಸರು ವಿಚಾರಿಸುವಾಗ ಸತ್ಯದ ಧ್ಯಾನದೊಂದಿಗೆ ಕಣ್ಣೀರು, ಗೆಳೆಯರ ಸಹಾನುಭೂತಿ, ನಿದ್ರೆ, ಸ್ನಾನ ಇವುಗಳನ್ನೂ ಹೇಳುತ್ತಾರೆ. ದೊಡ್ಡ ತತ್ವಜ್ಞಾನಿಯ ಮಾತು ಎಷ್ಟು ಸರಳ! ಆದ್ದರಿಂದ ಆನೆಯ ದಾಳಿಯಲ್ಲಿ ಮನೆಯವರನ್ನು ಕಳೆದುಕೊಂಡವರ ಬಳಿ ಹೋದಾಗ "ದೇವರ ಚಿತ್ತ" ಎಂದು ಹೇಳಿ ಎದ್ದುಬರುವ ಅವಸರ ಬೇಡ. ಪಕ್ಕದಲ್ಲಿ ಕುಳಿತಿರೋಣ, ಅಳುವವರನ್ನು ಅಳಲು ಬಿಡೋಣ, ಗಂಜಿ ಬೇಯಿಸಿ ಕೊಡೋಣ. ತಿಂಗಳು ಕಳೆದ ಮೇಲೆಯೂ ಮತ್ತೆ ಹೋಗೋಣ.

ಸಂಜೆ ಜಪಸರಕ್ಕೆ ಕುಳಿತಾಗ ಮನೆಯ ಪ್ರತಿಯೊಬ್ಬರೂ ಆ ದಿನ ತಮಗಾದ ಭಯವನ್ನೋ ಕೋಪವನ್ನೋ ಹೆಸರಿಟ್ಟು ಹೇಳಲಿ. ಮಕ್ಕಳೂ ಹೇಳಲಿ, ತಂದೆಯೂ ಹೇಳಲಿ. ಹೊತ್ತು ಮುಳುಗುವ ಮುನ್ನ ಕೋಪವನ್ನು ತೀರಿಸಿಕೊಳ್ಳಬೇಕೆಂದು ಸಂತ ಪೌಲರು ಎಫೆಸದವರಿಗೆ ಬರೆದರು. ಹೊತ್ತು ಮುಳುಗಿದ ಮೇಲೆ ಹೊರಗೆ ಕಾಲಿಡಲು ಅಂಜುವ ನಮ್ಮ ಸೀಮೆಯಲ್ಲಿ, ಮನೆಯ ಒಳಗಾದರೂ ಯಾರೂ ಯಾರಿಗೂ ಅಂಜದಿರಲಿ.