ಗಡ್ಡದ ಓತಿಯ ಮೊಟ್ಟೆಗಳಿಗೆ ಕಾವು

ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ನೆಲಸಿರುವ ನಮ್ಮ ವಾಚಕಿಯೊಬ್ಬರು ವಿಚಿತ್ರವಾದ ಪ್ರಶ್ನೆಯೊಂದನ್ನು ಕಳುಹಿಸಿರುವರು. ಅವರ ಮಗಳು ಸಾಕಿರುವ ‘ಬಿಯರ್ಡೆಡ್ ಡ್ರ್ಯಾಗನ್’ ಎಂಬ ಗಡ್ಡದ ಓತಿಯು ೨೨ ಮೊಟ್ಟೆಗಳನ್ನಿಟ್ಟಿದೆ. ಈಗ ಮೂರನೆಯ ವಾರ. ಕೆಲವು ಕುಗ್ಗಿವೆ, ಮೂರಕ್ಕೆ ಬೂಷ್ಟು ಹಿಡಿದಿದೆ. ಎಲ್ಲವನ್ನೂ ಎಸೆದುಬಿಡೆಂದು ಹಿರಿಯರು ಹೇಳುತ್ತಿರಲು, ಹುಡುಗಿಯು ಪೆಟ್ಟಿಗೆಯ ಬಳಿಯಿಂದ ಕದಲದೆ ಕುಳಿತಿರುವಳಂತೆ. ಎಸೆಯಬೇಡಿರೆಂಬುದೇ ನಮ್ಮ ಮೊದಲ ಮಾತು.

ಈ ಪ್ರಾಣಿಯು ಆಸ್ಟ್ರೇಲಿಯದ ಒಳನಾಡಿನ ಒಣಭೂಮಿಯದು. ನಮ್ಮ ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತನೂ ಇದೂ ಒಂದೇ ಕುಟುಂಬಕ್ಕೆ ಸೇರಿದವು. ನೃಗರಾಜನು ಕೃಕಲಾಸನಾಗಿ ಬಾವಿಯಲ್ಲಿ ಬಿದ್ದಿದ್ದ ಕಥೆಯನ್ನು ಬಲ್ಲವರು ಇದನ್ನು ಕಂಡು ಹೇಸಬೇಕಾದುದಿಲ್ಲ.

ಕೋಳಿಯೂ ಓತಿಯೂ ಅಂಡಜಗಳೇ ಆದರೂ ಕೋಳಿಯ ನ್ಯಾಯವು ಇಲ್ಲಿ ಸಲ್ಲದು. ಕಾವು ಕುಳಿತ ಹೇಟೆಯು ಮೊಟ್ಟೆಗಳನ್ನು ಆಗಾಗ ಹೊರಳಿಸುತ್ತಿರುವುದು. ಓತಿಯಾದರೋ ಮಣ್ಣಿನಲ್ಲಿ ಹೂತು ಹೊರಟುಹೋಗುವುದು. ಮೊಟ್ಟೆಯಿಟ್ಟ ಒಂದೆರಡು ದಿನಗಳಲ್ಲಿಯೇ ಭ್ರೂಣವು ಮೇಲ್ಭಾಗದಲ್ಲಿ ನೆಲೆಗೊಳ್ಳುವುದರಿಂದ, ಆಮೇಲೆ ಮಗುಚಿದರೆ ಅದು ಸಾಯಬಹುದು. ಆದಕಾರಣ ಮೇಲ್ಭಾಗಕ್ಕೆ ಸೀಸದಕಡ್ಡಿಯಿಂದ ಮೆಲ್ಲನೆ ಗುರುತು ಮಾಡಿ, ಇದ್ದ ಭಂಗಿಯಲ್ಲಿಯೇ ಇರಿಸತಕ್ಕದ್ದು.

ಇನ್ನು ಕುಗ್ಗಿದ ವಿಷಯ. ಈ ಮೊಟ್ಟೆಯ ಹೊದಿಕೆಯು ತೊಗಲಿನಂತೆ ಮೆತ್ತಗಿದ್ದು, ಸುತ್ತಣ ತೇವವನ್ನು ಹೀರಿ ದಿನೇದಿನೇ ಉಬ್ಬುವುದು. ಮೂರನೆಯ ವಾರದಲ್ಲಿಯೇ ಕುಗ್ಗಿತೆಂದರೆ ಬಹುಮಟ್ಟಿಗೆ ಬಾಯಾರಿಕೆಯೇ ಕಾರಣ. ವರ್ಮಿಕ್ಯುಲೈಟ್ ಎಂಬ ಖನಿಜದ ಹರಳಿಗೆ ಸಮತೂಕದ ನೀರು ಬೆರೆಸಿ ಹಾಸುವುದು ವಾಡಿಕೆ. ಹಿಡಿಯಲ್ಲಿ ಹಿಂಡಿದರೆ ಹನಿ ಬೀಳಕೂಡದು. ಒಣಗಿದ್ದರೆ ಉಗುರುಬೆಚ್ಚಗಿನ ನೀರನ್ನು ಪೆಟ್ಟಿಗೆಯ ಅಂಚಿನಲ್ಲಿ ಹನಿಸಬೇಕೇ ಹೊರತು ಮೊಟ್ಟೆಯ ಮೇಲಲ್ಲ. ಕೊನೆಯ ದಿನಗಳಲ್ಲಿ ಕುಗ್ಗಿ ಬೆವರಿದರೆ ಮಾತ್ರ ಅದು ಮರಿ ಹೊರಡುವ ಲಕ್ಷಣ. ಆಗ ನೀರು ಹಾಕುವ ಗೊಡವೆ ಬೇಡ.

ಬೂಷ್ಟು ಸಾಮಾನ್ಯವಾಗಿ ಜೀವವಿಲ್ಲದ ಮೊಟ್ಟೆಯನ್ನೇ ಹಿಡಿಯುವುದು, ಆದರೆ ಯಾವಾಗಲೂ ಅಲ್ಲ. ಕತ್ತಲೆಯಲ್ಲಿ ಸಣ್ಣ ದೀಪವನ್ನು ಪಕ್ಕಕ್ಕೆ ಹಿಡಿದು ನೋಡಿರಿ. ನಸುಗೆಂಪಿನ ನರಗಳು ಕಂಡರೆ ಜೀವವಿದೆ; ಒಣಬಟ್ಟೆಯಿಂದ ಬೂಷ್ಟನ್ನು ಹಗುರವಾಗಿ ಒರೆಸಿದರೆ ಸಾಕು. ಹಳದಿಯಾಗಿ ನಾರುತ್ತಿದ್ದರೆ ಬೇರೆಮಾಡಿ. ಪಕ್ಕದ ಮೊಟ್ಟೆಗೆ ಅಂಟಿದ್ದರೆ ಕಿತ್ತೆಳೆಯಕೂಡದು.

ಶಾಖವು ೨೮ರಿಂದ ೩೦ ಡಿಗ್ರಿ ಸೆಂಟಿಗ್ರೇಡಿನಲ್ಲಿರಬೇಕು. ಎರಡು ಉಷ್ಣಮಾಪಕಗಳಿದ್ದರೆ ಒಂದರ ಸುಳ್ಳನ್ನು ಇನ್ನೊಂದು ಹೇಳುವುದು. ವಿದ್ಯುತ್ತು ಒಂದೆರಡು ಗಂಟೆ ನಿಂತರೆ ಗಾಬರಿಪಡಬೇಕಾಗಿಲ್ಲ. ತಂಪಿಗಿಂತ ಅತಿತಾಪವೇ ಹೆಚ್ಚು ಘಾತುಕ. ಅದರಲ್ಲೊಂದು ಸೋಜಿಗವೂ ಉಂಟು. ೩೨ ಡಿಗ್ರಿಗೆ ಮೇಲ್ಪಟ್ಟ ತಾಪದಲ್ಲಿ, ವಂಶವಾಹಿಯ ಪ್ರಕಾರ ಗಂಡಾಗಬೇಕಾದ ಭ್ರೂಣಗಳು ಹೆಣ್ಣಾಗಿ ಬೆಳೆಯಬಲ್ಲವೆಂದು ೨೦೦೭ರಲ್ಲಿ ಆಸ್ಟ್ರೇಲಿಯದ ವಿದ್ವಾಂಸರು ಪ್ರಕಟಿಸಿದರು. ಕಾಡಿನಲ್ಲಿಯೂ ಹೀಗಾಗುವುದೆಂದು ೨೦೧೫ರಲ್ಲಿ ತಿಳಿದುಬಂದಿತು.

ಸುಮಾರು ೫೫ರಿಂದ ೭೫ ದಿನಗಳಲ್ಲಿ ಮರಿಯು ಹೊದಿಕೆಯನ್ನು ಸೀಳಿ ಮೂತಿ ತೋರಿಸುವುದು. ಹಾಗೆಯೇ ಒಂದು ದಿನವಿಡೀ ಸುಮ್ಮನಿದ್ದರೂ ಎಳೆಯಬಾರದೆಂದು ಹುಡುಗಿಗೆ ಈಗಲೇ ಹೇಳಿಡುವುದು ಒಳ್ಳೆಯದು. ಹೊಟ್ಟೆಯ ಭಂಡಾರವನ್ನು ಅದು ಒಳಗೆಳೆದುಕೊಳ್ಳುತ್ತಿರುತ್ತದೆ. ಹೊರಬಂದ ಮರಿಗಳು ಒಂದೆರಡು ದಿನ ಆಹಾರವನ್ನು ಮುಟ್ಟದಿರಬಹುದು. ಆಮೇಲೆ ದೊಡ್ಡವನ್ನೂ ಚಿಕ್ಕವನ್ನೂ ಬೇರೆಬೇರೆ ಇಡಬೇಕು. ಇಲ್ಲವಾದರೆ ಒಂದರ ಬಾಲವನ್ನು ಇನ್ನೊಂದು ಕಚ್ಚುವುದು.